ಟೈಗರ್‌ಗೆ ಅನುಮತಿ ಇಲ್ಲ

ನನ್ನ ಹೆಂಡತಿಯ ಅಣ್ಣ ತಾರಾನಾಥ ಶೆಟ್ಟರ ಲೆಕ್ಕದಲ್ಲಿ ಈ ಲೋಕದ ಮನುಷ್ಯರು ಎರಡೇ ಬಗೆ. ಫೋನ್ ಅಪ್‌ಡೇಟ್ ಮಾಡಿದವರು, ಮಾಡದವರು. ಎರಡನೆಯವರ ಮನೆಯಲ್ಲಿ ಅವರು ಚಾ ಕೂಡ ಕುಡಿಯುವುದಿಲ್ಲ.

ಬೆಳಗ್ಗೆ ಹಾಲಿಗೆ ಹೋಗುವಾಗ ಎದುರು ಸಿಕ್ಕಿದವರನ್ನು "ಸೌಖ್ಯವಾ?" ಎಂದು ಕೇಳುವ ಕ್ರಮ ಮಂಗಳೂರಿನ ನಮ್ಮ ಜೆಪ್ಪುವಿನಲ್ಲಿ ಇನ್ನೂ ಉಂಟು. ಶೆಟ್ಟರು ಮಾತ್ರ "ನಿಮ್ಮದು ಈಗ ಎಷ್ಟನೇ ವರ್ಷನ್?" ಎಂದು ಕೇಳುತ್ತಾರೆ. ಪಕ್ಕದ ಮನೆಯ ಗೆರ್ಟ್ರೂಡ್ ಬಾಯಿಗೆ ಎಪ್ಪತ್ತನಾಲ್ಕು ವರ್ಷ. ಅವರು ಪ್ರತಿ ಸಲವೂ ಕೊರಳಿನ ಶಿಲುಬೆ ಮುಟ್ಟಿಕೊಂಡು, "ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು! ನನಗೆ ಶುಗರ್ ಒಂದೇ ಶೆಟ್ರೇ, ಬೇರೆ ಎಂತದೂ ಇಲ್ಲ" ಎನ್ನುತ್ತಾರೆ. ಶೆಟ್ಟರು ಮದುವೆಯಾಗಿಲ್ಲ. ಯಾವ ಹುಡುಗಿಯ ವರ್ಷನ್ನೂ ಅವರಿಗೆ ಹಿಡಿಸಿರಲಿಕ್ಕಿಲ್ಲ.

ಇನ್ನು ನನ್ನ ವಿಷಯ. ನಾನು ಬಲ್ಮಠದ ಒಂದು ಕಾಲೇಜಿನ ಆಫೀಸಿನಲ್ಲಿ ಮೂವತ್ತೊಂದು ವರ್ಷ ಸೀಲು ಒತ್ತಿ ರಿಟೈರ್ ಆದವ. ಮದುವೆಯಾದ ಮೇಲೆ ಹೆಂಡತಿ ಶಶಿಪ್ರಭಾಳ ತಾಯಿಮನೆಯಲ್ಲೇ ಇದ್ದೇನೆ. ನಮ್ಮಲ್ಲಿ ಮನೆ ಹೆಣ್ಣಿನದ್ದು, ಮಾತು ಹೆಣ್ಣಿನ ಅಣ್ಣನದ್ದು. ಗಂಡ ಎಂಬವನೊಬ್ಬ ಇದ್ದಾನೆ ಎನ್ನುವುದಕ್ಕೆ ರೇಶನ್ ಕಾರ್ಡಿನಲ್ಲಿ ದಾಖಲೆ ಉಂಟು. ಮೂವತ್ತು ವರ್ಷದಲ್ಲಿ, ಗೋಡೆಗೆ ಯಾವ ಬಣ್ಣ ಎಂಬಲ್ಲಿಂದ ಹಿಡಿದು ನನ್ನ ಮಗಳಿಗೆ ಯಾವ ಹೆಸರು ಎಂಬಲ್ಲಿವರೆಗೆ, ಆ ಮನೆಯಲ್ಲಿ ನನ್ನ ಒಪ್ಪಿಗೆಯನ್ನು ಯಾರೂ ಕೇಳಿದ್ದಿಲ್ಲ. ಎಲ್ಲದಕ್ಕೂ ಮಹಡಿ ಮೇಲಿನ ಶೆಟ್ಟರ ಒಪ್ಪಿಗೆಯೇ ಆಗಬೇಕು. ನನಗೇನೂ ಬೇಸರವಿಲ್ಲ. ಬೇಸರ ಉಂಟು, ಆದರೆ ಅದನ್ನೂ ಯಾರೂ ಕೇಳಲಿಲ್ಲ.

ಕಳೆದ ನವೆಂಬರಿನಲ್ಲಿ ಒಂದು ದೊಡ್ಡ ಅಪ್‌ಡೇಟ್ ಬಂತು. ದೊಡ್ಡದು ಬಂದರೆ ಶೆಟ್ಟರು ಸ್ನಾನ ಮಾಡಿಯೇ ಕೂರುವುದು. ಚಾವಡಿಯ ಕುರ್ಚಿ, ಎದುರಿಗೆ ಸ್ಟೂಲು, ಸ್ಟೂಲಿನ ಮೇಲೆ ಮಡಚಿ ಹಾಸಿದ ಬಿಳಿ ಬೈರಾಸು, ಅದರ ಮೇಲೆ ಚಾರ್ಜಿಗೆ ಹಾಕಿದ ಫೋನು. ಕರೆಂಟು ಏರಿಳಿಯಬಾರದೆಂದು ಮಿಕ್ಸಿ ಬಂದ್. ಆ ದಿನ ನಾವು ದೋಸೆಯನ್ನು ಚಟ್ನಿ ಇಲ್ಲದೆ ತಿಂದೆವು.

"ಇದರಲ್ಲಿ ಎಂತ ಹೊಸತು ಭಾವ?" ಎಂದು ನಾನು ಕೇಳಿದೆ.

"ದೋಷ ನಿವಾರಣೆ."

"ಯಾರ ದೋಷ?"

"ಫೋನಿನದ್ದು. ನಿಮ್ಮದಕ್ಕೆ ಇನ್ನೂ ಅಪ್‌ಡೇಟ್ ಬಂದಿಲ್ಲ."

ಮುಕ್ಕಾಲು ಗಂಟೆಯಲ್ಲಿ ಫೋನು ಆರಿ, ಹೊತ್ತಿ, ಹೆಸರು ಮತ್ತು ಹುಟ್ಟಿದ ತಾರೀಕು ಹಾಕಿ ಎಂದು ಕೇಳಿತು. ಶೆಟ್ಟರು ನನ್ನನ್ನು ನೋಡಿ ನಕ್ಕರು. ಯಾರಿಗೆ ಫೋನ್ ಮಾಡಿದರೂ ಮೊದಲು ಒಂದು ಹೆಂಗಸು ಮೋಸಗಾರರ ಬಗ್ಗೆ ಎಚ್ಚರಿಸುತ್ತಾಳಲ್ಲ, ಅವಳ ಮಾತನ್ನು ಪೂರ್ತಿ ಕೇಳುವವರು ಮಂಗಳೂರಿನಲ್ಲಿ ಇವರೊಬ್ಬರೇ.

"ನೋಡಿದ್ರಾ ಭಾವ, ಕಳ್ಳರು ಹೇಗೆ ನುಗ್ತಾರೆ? ಇಷ್ಟು ವರ್ಷ ಕೇಳದ್ದನ್ನು ಇವತ್ತು ಕೇಳ್ತಾ ಉಂಟು. ತಾರಾನಾಥ ಶೆಟ್ಟಿ ಹತ್ರ ಇದೆಲ್ಲ ನಡೆಯುದಿಲ್ಲ."

ಮೆಟ್ಟಿಲ ಮೇಲೆ ನಮ್ಮ ನಾಯಿ ಟೈಗರ್ ಕಿವಿ ಕೆರೆದುಕೊಳ್ಳುತ್ತಿತ್ತು. ಶೆಟ್ಟರು ಅದನ್ನೊಮ್ಮೆ ನೋಡಿ, ಹೆಸರಿನ ಜಾಗದಲ್ಲಿ "ಟೈಗರ್" ಎಂದು ಹಾಕಿದರು. ಹುಟ್ಟಿದ ತಾರೀಕಿನ ಜಾಗದಲ್ಲಿ, ಹತ್ತು ವರ್ಷದ ಹಿಂದೆ ಗೆರ್ಟ್ರೂಡ್ ಬಾಯಿಯ ಸೌದೆ ಕೊಟ್ಟಿಗೆಯಲ್ಲಿ ಅದು ಹುಟ್ಟಿದ ತಾರೀಕನ್ನು ಹಾಕಿದರು. "ಇನ್ನು ಮೋಸ ಮಾಡ್ಲಿ, ನೋಡ್ವ" ಎಂದು ಮೀಸೆ ಮುಟ್ಟಿಕೊಂಡರು.

ಫೋನು ಒಂದು ನಿಮಿಷ ಯೋಚನೆ ಮಾಡಿ, ಮನೆಯ ದೊಡ್ಡವರೊಬ್ಬರ ನಂಬರು ಕೇಳಿತು. ಹೀಗೆ ಯಾರು ನಂಬರು ಕೇಳಿದರೂ ಶೆಟ್ಟರು ನನ್ನ ಮಗಳು ಸಂಚಿತಾಳದ್ದನ್ನು ಕೊಡುವುದು, ಬೇಡದ ಮೆಸೇಜೆಲ್ಲ ಅವಳಿಗೆ ಹೋಗಲಿ ಎಂದು. ಅವಳು ಕಂಕನಾಡಿಯಲ್ಲಿ ಫಿಸಿಯೋಥೆರಪಿ ಮಾಡುವವಳು. ಆ ಹೊತ್ತಿಗೆ ಯಾರದ್ದೋ ಕಾಲು ಎತ್ತಿ ಹಿಡಿದುಕೊಂಡಿದ್ದಳು.

"ಮಗಾ, ಒಂದು ಕೋಡ್ ಬಂತಾ?"

"ಬಂತು ಮಾಮ, ಬರ್ಕೊಳ್ಳಿ" ಎಂದು ಆರು ಅಂಕೆ ಓದಿ ಹೇಳಿ ಇಟ್ಟಳು. ಗ್ಯಾಸಿಗೆ, ಕರೆಂಟಿಗೆ, ಮಾಮನ ಹಾಳುಮೂಳಿಗೆಲ್ಲ ವಾರಕ್ಕೆ ಹತ್ತು ಸಲ ಕೋಡ್ ಓದುವ ಹುಡುಗಿ, ಯಾಕೆ ಎಂತ ಅಂತ ಎಲ್ಲಿ ನೋಡುತ್ತಾಳೆ?

ಅಲ್ಲಿಗೆ ಆಯಿತು. ಅರುವತ್ತೊಂದು ವರ್ಷದ ತಾರಾನಾಥ ಶೆಟ್ಟರು ಹತ್ತು ವರ್ಷದ ಮಗುವಾದರು. ಇಪ್ಪತ್ತಾರರ ಸಂಚಿತಾ ಆ ಮಗುವಿನ ಹೆತ್ತವಳಾದಳು. ಇನ್ನು ಮುಂದೆ ಆ ಫೋನಿನಲ್ಲಿ ಏನು ನಡೆಯಬೇಕಾದರೂ ಅವಳು ಅನುಮತಿ ಕೊಡಬೇಕು. ಇದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಟೈಗರ್‌ಗೆ ಗೊತ್ತಾಯಿತೋ ಏನೋ, ಎದ್ದು ಹೋಯಿತು.

ಮಾರನೆಯ ದಿನ ಶೆಟ್ಟರು ಎಂದಿನಂತೆ ಕೋಳಿ ಅಂಕದ ವಿಡಿಯೋ ನೋಡಲು ಹೋದರು. ಹುಂಜಗಳು ಬರಲಿಲ್ಲ. "ಈ ದೃಶ್ಯ ನಿಮ್ಮ ಪ್ರಾಯದವರಿಗೆ ತಕ್ಕದ್ದಲ್ಲ" ಎಂಬ ಬರಹ ಬಂತು. ಬೇರೆಯವರಾದರೆ ಇಲ್ಲಿಗೇ ಎಚ್ಚರವಾಗುತ್ತಿತ್ತು. ಶೆಟ್ಟರು ಶರಟಿನ ಕಾಲರ್ ಸರಿಮಾಡಿಕೊಂಡರು.

"ಪ್ರಾಯಕ್ಕೆ ಮರ್ಯಾದೆ ಕೊಡುವ ಫೋನ್ ಭಾವ ಇದು. ನನ್ನ ಬಿಪಿ ಏರ್ಬಾರ್ದು ಅಂತ."

ರಾತ್ರಿ ಎಂಟಕ್ಕೆ ಸರಿಯಾಗಿ "ಇವತ್ತಿಗೆ ಸಾಕು, ಮಲಗುವ ಹೊತ್ತಾಯಿತು" ಎಂದು ಫೋನು ತಾನಾಗಿ ಮುಚ್ಚಿಕೊಳ್ಳತೊಡಗಿತು. "ನಮ್ಮ ಡಾಕ್ಟರು ಹೇಳಿದ್ದೂ ಇದನ್ನೇ" ಎಂದರು. ಮತ್ತೆರಡು ದಿನಕ್ಕೆ ಒಂದು ಆನೆಮರಿ ಬಂದು ಏಳರ ಮಗ್ಗಿ ಹೇಳಿಕೊಡತೊಡಗಿತು. "ಮರೆವು ಬಾರದ ಹಾಗೆ ಬುದ್ಧಿಗೆ ವ್ಯಾಯಾಮ. ಇದು ಹಿರಿಯ ನಾಗರಿಕರ ವರ್ಷನ್, ಎಲ್ಲರಿಗೂ ಸಿಕ್ಕುದಿಲ್ಲ" ಎಂದು ಬೇಲಿಯ ಹತ್ತಿರ ನಿಂತು ಗೆರ್ಟ್ರೂಡ್ ಬಾಯಿಗೆ ಏಳೇಳ್ಲಿ ನಲವತ್ತೊಂಬತ್ತು ಒಪ್ಪಿಸಿದರು. ಪಾಪದ ಹೆಂಗಸು ಚಪ್ಪಾಳೆ ತಟ್ಟಿದರು. ಒಳಗೆ ಹೋಗಿ ಶೆಟ್ಟರಿಗಾಗಿ ಒಂದು ಮೇಣದ ಬತ್ತಿ ಹಚ್ಚಿದರಂತೆ.

ಕೋಳಿ ಅಂಕ ತೆರೆದಾಗಲೆಲ್ಲ "ಅನುಮತಿ ಕೇಳಿ" ಎಂಬ ನೀಲಿ ಗುಂಡಿ ಬರುತ್ತಿತ್ತು. ಮನೆಯಲ್ಲಿ ಎಲ್ಲದಕ್ಕೂ ತನ್ನ ಅನುಮತಿ ಕೇಳುತ್ತಾರೆ, ಈಗ ಫೋನೂ ಕೇಳುತ್ತಿದೆ ಎಂದುಕೊಂಡು ಶೆಟ್ಟರು ದಿನಕ್ಕೆ ಮೂರು ನಾಲ್ಕು ಸಲ ಸಂತೋಷದಿಂದ ಒತ್ತಿದರು.

ಈ ನಡುವೆ ಸಂಚಿತಾಳ ಮದುವೆ ಮಾತು ಕುದುರಿತು. ಹುಡುಗ ಪೃಥ್ವಿರಾಜ್ ರೈ, ಉಳ್ಳಾಲದವ. ಮೀನಿನ ಬೋಟುಗಳಿಗೆ ಮಂಜುಗಡ್ಡೆ ಮಾಡಿ ಕೊಡುವ ಫ್ಯಾಕ್ಟರಿ ಉಂಟು. ಅವಳೂ ಅವನೂ ಮೊದಲೇ ಮೆಚ್ಚಿಕೊಂಡಿದ್ದರು. ಅವಳು ಅವನ ಸುದ್ದಿ ಹೇಳುವಾಗ ಮುಖ ನೋಡಬೇಕಿತ್ತು. ನನಗೆ ಅಷ್ಟೇ ಸಾಕಾಗಿತ್ತು. ಆದರೆ ನನಗೆ ಸಾಕಾದರೆ ಯಾರಿಗೆ ಎಂತ ಆಗಬೇಕು? ನಮ್ಮ ಕ್ರಮದಲ್ಲಿ, ಹುಡುಗನ ಅಪ್ಪ ಮೊದಲು ಹುಡುಗಿಯ ಸೋದರಮಾವನ ಹತ್ತಿರ ಬಾಯಿಬಿಟ್ಟು ಕೇಳಬೇಕು. ಮಾವ "ಬನ್ನಿ" ಎನ್ನಬೇಕು. ನಿಶ್ಚಿತಾರ್ಥದ ದಿನ ಹರಿವಾಣದ ವೀಳ್ಯವನ್ನು ಮಾವನೇ ಎತ್ತಿ ಕೊಡಬೇಕು. ಆ ಕೈ ಏಳದಿದ್ದರೆ ಸಂಬಂಧ ಇಲ್ಲ. ಅಪ್ಪನ ಕೈ ಇರುವುದು ಕುರ್ಚಿ ಹಾಕಲಿಕ್ಕೆ.

ಭಾನುವಾರ ನಿಶ್ಚಿತಾರ್ಥ ಎಂದು ಆಯಿತು. ಹುಡುಗನ ಅಪ್ಪ ಕೋಚಣ್ಣ ರೈಗಳು ಸೋಮವಾರ ಶೆಟ್ಟರಿಗೆ ಫೋನ್ ಮಾಡುತ್ತಾರೆ ಎಂದು ಹೇಳಿಕಳಿಸಿದರು. ಸೋಮವಾರ ಶೆಟ್ಟರು ಇಸ್ತ್ರಿ ಅಂಗಿ ಹಾಕಿ, ಫೋನನ್ನು ಬಟ್ಟೆಯಲ್ಲಿ ಒರೆಸಿ ಎದುರಿಗಿಟ್ಟು ಕೂತರು. ಬರಲಿಲ್ಲ. ಮಂಗಳವಾರ ಬರಲಿಲ್ಲ. ಬುಧವಾರ ಸಂಜೆಗೆ ಶೆಟ್ಟರ ಮುಖ ಊದಿ ಬಾಗಿಲಲ್ಲಿ ಹಿಡಿಯದ ಹಾಗಾಯಿತು.

"ಸೋದರಮಾವನಿಗೆ ಒಂದು ಫೋನ್ ಮಾಡ್ಲಿಕ್ಕೆ ಪುರುಸೊತ್ತಿಲ್ಲದವರಿಗೆ ನಮ್ಮ ಹುಡುಗಿ ಎಂತಕ್ಕೆ?"

"ನೀನೇ ಒಂದು ಮಾಡು ಅಣ್ಣ" ಎಂದಳು ಶಶಿಪ್ರಭಾ.

"ನಾನು ಮಾಡುದಾ? ಹುಡುಗಿಯ ಮಾವ ತಾನಾಗಿ ಫೋನ್ ಮಾಡಿದ ಚರಿತ್ರೆ ಈ ಕುಟುಂಬದಲ್ಲಿ ಉಂಟಾ? ನಾನು ವೀಳ್ಯ ಮುಟ್ಟುದಿಲ್ಲ. ಬೇಕಾದ್ರೆ ಬರೆದು ಕೊಡ್ತೇನೆ."

ಗುರುವಾರ ಮಧ್ಯಾಹ್ನ ಸಂಚಿತಾ ರಜೆ ಹಾಕಿ ಮನೆಯಲ್ಲಿದ್ದಳು. ಅತ್ತು ಕಣ್ಣು ಬಾತಿತ್ತು. ಊಟಕ್ಕೆ ಕುಚ್ಚಲಕ್ಕಿ ಗಂಜಿ, ಬಂಗುಡೆ ಮೀನಿನ ಪುಳಿಮುಂಚಿ. ಗಂಜಿ ಕಲಸುತ್ತ ಅವಳೇ ಒಂದು ಮಾತು ತೆಗೆದಳು.

"ಯಾರೋ ಟೈಗರ್ ಅಂತೆ ಮಾಮ. ಅದಕ್ಕೆ ಅನುಮತಿ ಕೊಡಿ, ಇದಕ್ಕೆ ಅನುಮತಿ ಕೊಡಿ ಅಂತ ದಿನಾ ನನ್ನ ಫೋನಿಗೆ ಕಾಟ. ಮೋಸದವರೇ ಇರ್ಬೇಕು. ನಾನು ಓದುದೂ ಇಲ್ಲ, ಎಲ್ಲ ರಿಜೆಕ್ಟ್."

"ಒಳ್ಳೆ ಕೆಲಸ ಮಾಡಿದೆ ಮಗಾ" ಎಂದರು ಶೆಟ್ಟರು, ಬಂಗುಡೆಯ ಮುಳ್ಳು ಬಿಡಿಸುತ್ತ. "ಅಂಥವರಿಗೆ ಒಂದಕ್ಕೂ ಕೊಡ್ಬಾರ್ದು. ನಾಚಿಕೆ ಇಲ್ಲದ ಜನ."

ನಾನೂ ಹೌದು ಹೌದು ಎಂದೆ. ತನ್ನ ಹೆಸರು ಕೇಳಿ ಮೇಜಿನ ಅಡಿಯಿಂದ ನಾಯಿ ಬಾಲ ಅಲ್ಲಾಡಿಸಿತು. ಆ ಮನೆಯಲ್ಲಿ ವಿಷಯ ತಿಳಿದದ್ದು ಅದಕ್ಕೊಂದಕ್ಕೇ.

ಶುಕ್ರವಾರ ನನಗೆ ತಡೆಯಲಿಲ್ಲ. ಬಾವಿಕಟ್ಟೆಯ ಹತ್ತಿರ ಹೋಗಿ ನನ್ನ ಹಳೇ ಫೋನಿನಿಂದ ಕೋಚಣ್ಣ ರೈಗಳಿಗೆ ಕರೆ ಮಾಡಿದೆ.

"ಯಾರು?"

"ಹುಡುಗಿಯ ಅಪ್ಪ."

"ಅಪ್ಪ, ಸರಿ. ಮಾವನಿಗೆ ಕೊಡಿ."

"ಅಲ್ಲ ರೈಗಳೇ, ನೀವು ಅವರಿಗೆ ಫೋನ್ ಮಾಡ್ಲೇ ಇಲ್ವಲ್ಲ..."

ಆ ಕಡೆಯಿಂದ ಬಂದ ಗರ್ಜನೆಗೆ ಬಾವಿಕಟ್ಟೆಯ ಕಾಗೆ ಹಾರಿಹೋಯಿತು. "ಮಾಡ್ಲಿಲ್ವಾ? ಏಳು ಸಲ ಮಾಡಿದ್ದೇನೆ ಮಾರಾಯ್ರೆ! ಏಳು ಸಲವೂ ರಿಂಗ್ ಆಗುವ ಮೊದಲೇ ಕಟ್! ನಾಲ್ಕು ದಿನದಿಂದ ನನ್ನ ಹೆಂಡತಿ ಮಕ್ಕಳ ಎದುರು ನಾನು ಸಣ್ಣವ ಆಗಿ ಕೂತಿದ್ದೇನೆ. ನಿಮ್ಮ ಭಾವ ಎಂತ, ಹೈಕೋರ್ಟ್ ಜಡ್ಜಾ?"

ನಾನು ಓಡಿಹೋಗಿ ಅದೇ ಫೋನನ್ನು ಶೆಟ್ಟರ ಕಿವಿಯ ಹತ್ತಿರ ಹಿಡಿದೆ. "ಭಾವ, ರೈಗಳು. ಒಂದು 'ಬನ್ನಿ' ಹೇಳಿ, ಮುಗೀತು."

ಶೆಟ್ಟರು ನನ್ನ ಫೋನಿನ ಒಡೆದ ಗಾಜನ್ನು ನೋಡಿದರು. "ಇದ್ರಲ್ಲಾ? ಆರು ವರ್ಷದಿಂದ ಅಪ್‌ಡೇಟ್ ಆಗದ ಡಬ್ಬದಲ್ಲಿ ಸೋದರಮಾವ ಮಾತಾಡುದಾ? ನನ್ನದಕ್ಕೆ ಬರ್ಲಿ."

ಡಬ್ಬ ಹಳೆಯದಾದರೂ ಮಾತು ಅದರಲ್ಲಿ ಸ್ಪಷ್ಟ ಕೇಳುತ್ತದೆ. ರೈಗಳು ಕೇಳಿಸಿಕೊಂಡರು.

"ಹಾಗಾ? ನಾಳೆ ಸಂಜೆ ಆರರ ಒಳಗೆ ಅವರದ್ದೇ ಫೋನಿನಲ್ಲಿ ಅವರದ್ದೇ ಬಾಯಿಂದ 'ಬನ್ನಿ' ಅಂತ ನನಗೆ ಕೇಳ್ಬೇಕು. ಇಲ್ಲದಿದ್ರೆ ನಾವು ನೇತ್ರಾವತಿ ಹೊಳೆಯ ಸಂಕ ದಾಟುದಿಲ್ಲ. ಹುಡುಗನಿಗೆ ಬೇರೆ ನೋಡ್ತೇವೆ."

ಒಳಗಿನ ಕೋಣೆಯಲ್ಲಿ ಸಂಚಿತಾ ಬಿಕ್ಕಿ ಬಿಕ್ಕಿ ಅತ್ತಳು. ಒಬ್ಬ ಮಾಡಿದ್ದೇನೆ ಎನ್ನುತ್ತಾನೆ, ಇನ್ನೊಬ್ಬ ಬಂದಿಲ್ಲ ಎನ್ನುತ್ತಾನೆ, ನಡುವೆ ನನ್ನ ಮಗಳು ಸಾಯಬೇಕಾ?

ಶನಿವಾರ ಬೆಳಗ್ಗೆ ಮೊದಲ ಬಾರಿ ಧೈರ್ಯ ಮಾಡಿ ಹೇಳಿದೆ. "ಭಾವ, ದೋಷ ನಿಮ್ಮ ಫೋನಿನಲ್ಲೇ ಉಂಟು."

"ದೋಷ ನಿವಾರಣೆ ಆದ ಫೋನಿನಲ್ಲಿ ದೋಷವಾ? ನಡೆಯಿರಿ ಯಾಹ್ಯಾನ ಅಂಗಡಿಗೆ. ಅವನೇ ಹೇಳ್ಲಿ."

ಯಾಹ್ಯಾನ ಮೊಬೈಲ್ ಅಂಗಡಿ ಇರುವುದು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಹತ್ತಿರ. ಅವನು ಬ್ಯಾರಿ, ಗಲ್ಫಿನಲ್ಲಿ ಹನ್ನೆರಡು ವರ್ಷ ಇದೇ ಕೆಲಸ ಮಾಡಿ ಬಂದವ. ಫೋನನ್ನು ಎರಡು ಸಲ ಒತ್ತಿ ನೋಡಿದ. ಶೆಟ್ಟರನ್ನು ನೋಡಿದ. ಮತ್ತೆ ಫೋನನ್ನು ನೋಡಿದ.

"ಶೆಟ್ರೇ, ನಿಮ್ಮ ತಂದೆ ತಾಯಿ ಉಂಟಾ?"

"ತೀರಿಕೊಂಡು ಇಪ್ಪತ್ತು ವರ್ಷ ಆಯ್ತು. ಯಾಕೆ?"

"ಹಾಗಾದ್ರೆ ಕಷ್ಟ. ಇದು ಅವರನ್ನು ಕೇಳ್ತಾ ಉಂಟು. ಇದ್ರಲ್ಲಿ ನಿಮ್ಮ ಪ್ರಾಯ ಹತ್ತು. ಹೆತ್ತವರು ಒಪ್ಪದೆ ಹೊಸಬರ ಕಾಲ್ ಬರುದಿಲ್ಲ."

ಅಂಗಡಿಯಲ್ಲಿ ಟೆಂಪರ್ ಗ್ಲಾಸ್ ಹಾಕಿಸಲು ನಿಂತಿದ್ದ ನಾಲ್ಕು ಜನ ಒಟ್ಟಿಗೆ ತಿರುಗಿ ಮಗುವನ್ನು ನೋಡಿದರು. ಮಗುವಿನ ಮೀಸೆ ನಡುಗುತ್ತಿತ್ತು.

"ಅದೆಲ್ಲ ನನಗೆ ಗೊತ್ತಿಲ್ಲ. ಲಾಕ್ ತೆಗೆ!"

"ದುಬೈಯಿಂದ ಬಂದ ಫೋನಿನ ಲಾಕ್ ತೆಗೀತೇನೆ, ಪ್ಯಾಟರ್ನ್ ಮರೆತದ್ದು ತೆಗೀತೇನೆ. ಮಕ್ಕಳ ಲಾಕ್ ತೆಗೆದ್ರೆ ನಾಳೆ ಹೆತ್ತವರು ಬಂದು ನನಗೆ ಹೊಡೀತಾರೆ ಶೆಟ್ರೇ. ಪೂರ್ತಿ ಅಳಿಸಿದ್ರೂ ಪುನಃ ಅವರ ಪಾಸ್‌ವರ್ಡೇ ಕೇಳುದು. ಬಲ್ಮಠದಲ್ಲಿ ಕಂಪೆನಿಯ ಸರ್ವಿಸ್ ಸೆಂಟರ್ ಉಂಟು, ಅಲ್ಲಿಗೆ ಹೋಗಿ."

ಸರ್ವಿಸ್ ಸೆಂಟರಿನಲ್ಲಿ ಟೋಕನ್ ಐವತ್ತಮೂರು. ಕೌಂಟರಿನಲ್ಲಿ ಅಕ್ಷಿತಾ ಎಂಬ ಹುಡುಗಿ, ಎದೆಯ ಮೇಲೆ ಹೆಸರಿನ ಪಟ್ಟಿ, ಮುಖದ ಮೇಲೆ ಕಂಪೆನಿಯೇ ಕೊಟ್ಟಂಥ ನಗೆ.

"ಇದು ಮಕ್ಕಳ ಖಾತೆ ಸರ್. ಮಗು ಎಲ್ಲಿ?"

ನಾನು ಬೆರಳು ತೋರಿಸಿದೆ.

"ನಾನೇ ಮಗು" ಎಂದರು ಶೆಟ್ಟರು. ಆ ಒಂದು ವಾರದಲ್ಲಿ ಅವರು ಆಡಿದ ಮೊದಲ ಸರಿಯಾದ ಮಾತು ಅದು.

"ಹೆಸರು?"

"ತಾರಾನಾಥ ಶೆಟ್ಟಿ."

"ಇಲ್ಲಿ ಟೈಗರ್ ಅಂತ ಉಂಟಲ್ಲ?"

"ಅದು ನಾಯಿ."

"ಫೋನ್ ನಾಯಿಯದ್ದಾ ಸರ್?"

"ಫೋನ್ ನನ್ನದು. ಪ್ರಾಯ ನಾಯಿಯದ್ದು."

ಹುಡುಗಿಯ ನಗೆ ಅಲ್ಲಾಡಲಿಲ್ಲ. "ನಾಯಿ ಹುಟ್ಟಿದ್ದು ನಿಜವಾಗಿ ಇದೇ ತಾರೀಕಿಗಾ?"

"ಮತ್ತೆ? ಚುಚ್ಚುಮದ್ದಿನ ಕಾರ್ಡು ಉಂಟು ಮನೆಯಲ್ಲಿ. ನಾನು ಸುಳ್ಳು ಹೇಳುವವ ಅಲ್ಲ."

"ಹಾಗಾದ್ರೆ ಟೈಗರ್ ಅವರ ತಾರೀಕು ಸರಿಯಾಗೇ ಉಂಟು ಸರ್. ತಪ್ಪಿದ್ರೆ ಮಾತ್ರ ನಮಗೆ ತಿದ್ಲಿಕ್ಕೆ ಆಗುದು. ಅರ್ಜಿ ಕೊಡಿ, ಮೇಲಿನವರು ನೋಡ್ತಾರೆ. ಅಲ್ಲಿವರೆಗೆ ಹೆತ್ತವರು ಒಪ್ಪಿಗೆ ಕೊಡ್ಬೇಕು. ಅವರ ನಂಬರು ಕೊನೆಗೆ ನಾಲ್ಕು ಎರಡು ಏಳು."

ನಾಲ್ಕು ಎರಡು ಏಳು. ನನ್ನ ಮಗಳ ನಂಬರು ನನಗೆ ಗೊತ್ತಿಲ್ಲವೇ? ಮೂವತ್ತೊಂದು ವರ್ಷ ಕೌಂಟರಿನ ಆಚೆ ಕೂತು ಜನರನ್ನು ಅಲೆಸಿದವ ನಾನು. ಆದರೂ ಆ ಹುಡುಗಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮನೆ ಮುಟ್ಟುವಾಗ ಐದು ಗಂಟೆ. ವಿಷಯ ಕೇಳಿ ಸಂಚಿತಾ ತನ್ನ ಫೋನ್ ತೆರೆದಳು. ತಿರಸ್ಕರಿಸಿದ್ದು ನಲವತ್ತಮೂರು. ಅದರಲ್ಲಿ ಕೋಳಿ ಅಂಕ ಮೂವತ್ತಾರು, ಕೋಚಣ್ಣ ರೈಗಳು ಏಳು.

"ನಾನೇನಾ ತಡೆದದ್ದು? ಅವರ ಏಳು ಕಾಲನ್ನೂ ನಾನೇನಾ?" ಎಂದು ನಗಲು ಹೊರಟು ಅತ್ತುಬಿಟ್ಟಳು. ಶಶಿಪ್ರಭಾ ಸೆರಗಿನಿಂದ ಅವಳ ಮುಖ ಒರೆಸಿದಳು.

ಶೆಟ್ಟರು ಕಿಟಕಿಯ ಹೊರಗೆ ನೋಡುತ್ತ, "ಆಯ್ತಲ್ಲ. ಒತ್ತು" ಎಂದರು.

"ಎಂತ ಒತ್ತುದು ಮಾಮ?"

"ಅದೇ. ಒಪ್ಪಿಗೆ."

"ಕಾಲ್ ಬಂದಾಗ ಫೋನು ತಾನಾಗಿ ಕೇಳಿದ್ದೆಲ್ಲ ರಿಜೆಕ್ಟ್ ಆಗಿ, ಈಗ ಆ ನಂಬರೇ ಬ್ಲಾಕ್ ಆಗಿದೆ. ಇನ್ನು ನೀವೇ ಕೇಳ್ಬೇಕು. ನೀವು ಕೇಳದೆ ನನ್ನದಕ್ಕೆ ಬರುದಿಲ್ಲ."

"ನಾನು? ನಿನ್ನ ಹತ್ರ? ಅನುಮತಿ?"

ಗಡಿಯಾರ ಐದೂಕಾಲು ತೋರಿಸಿತು. ಐದೂವರೆ ತೋರಿಸಿತು. ಇಡೀ ಕುಟುಂಬಕ್ಕೆ ಅನುಮತಿ ಕೊಟ್ಟು ಕೊಟ್ಟು ಬೆರಳು ದಪ್ಪ ಮಾಡಿಕೊಂಡ ಮನುಷ್ಯ ಕುರ್ಚಿಯಲ್ಲಿ ಕಲ್ಲಾಗಿ ಕೂತರು. ಸಂಚಿತಾ ಅವರ ಎದುರು ನೆಲದ ಮೇಲೆ ಕೂತಳು.

"ಮಾಮ, ನಾನು ಹುಟ್ಟಿದಂದಿನಿಂದ ಎಲ್ಲ ನಿಮ್ಮ ಹತ್ರ ಕೇಳಿಯೇ ಮಾಡಿದ್ದೇನೆ. ಸೈಕಲ್ ಕಲೀಲಿಕ್ಕೂ ಕೇಳಿದ್ದೇನೆ. ನೀವು ಒಂದೇ ಒಂದು ಸಲ ಕೇಳಿ. ನನಗೆ ಪೃಥ್ವಿ ಬೇಕು."

ಶೆಟ್ಟರು ಮುಖವನ್ನು ಗೋಡೆಯ ಕಡೆ ತಿರುಗಿಸಿ, ಹೆಬ್ಬೆರಳನ್ನು ಮಾತ್ರ ಮುಂದೆ ಚಾಚಿ, ನೀಲಿ ಗುಂಡಿ ಒತ್ತಿದರು. ಸಂಚಿತಾಳ ಫೋನು ಟಿಂಗ್ ಎಂದಿತು. ಅವಳು ಕಣ್ಣೀರಿನ ಕೈಯಲ್ಲೇ ಒಪ್ಪಿಗೆ ಕೊಟ್ಟಳು. ನಾನು ಬಾವಿಕಟ್ಟೆಗೆ ಓಡಿ ಫೋನಿನಲ್ಲೇ ರೈಗಳ ಕಾಲು ಹಿಡಿದೆ. "ಎಂಟನೇ ಸಲ ಒಂದು ಮಾಡಿ ರೈಗಳೇ, ನನಗಾಗಿ."

ಆರಕ್ಕೆ ಐದು ನಿಮಿಷ ಇರುವಾಗ ಶೆಟ್ಟರ ಫೋನು ಹೊಡೆದುಕೊಂಡಿತು. ಒಂದು ರಿಂಗ್. ಎರಡು. ಮೂರು. ಶೆಟ್ಟರು ಕನ್ನಡಕ ಒರೆಸುತ್ತಿದ್ದರು.

"ಎತ್ತು ಅಣ್ಣ!" ಎಂದು ಅಣ್ಣನ ಮೇಲೆ ಶಶಿಪ್ರಭಾ ಮೊದಲ ಸಲ ಸ್ವರ ಎತ್ತಿದಳು.

"ಹಲೋ. ಹಾಂ ರೈಗಳೇ. ಎಂತ ಮಾಡುದು, ನಾನು ಸ್ವಲ್ಪ ಬ್ಯುಸಿ ಇದ್ದೆ" ಎಂದರು ಏಳರ ಮಗ್ಗಿಯ ಸರದಾರರು. "ನಾಳೆ ಬನ್ನಿ."

ಭಾನುವಾರ ವೀಳ್ಯ ಎತ್ತಿ ಕೊಡುವಾಗ ಶೆಟ್ಟರ ಠೀವಿ ನೋಡಬೇಕಿತ್ತು. "ನನ್ನ ಅನುಮತಿ ಉಂಟು" ಎಂದು ಸಭೆಯ ಕೊನೆಯ ಸಾಲಿಗೆ ಕೇಳುವ ಹಾಗೆ ಹೇಳಿದರು. ಕೊನೆಯ ಸಾಲಿನಲ್ಲಿ ಕುರ್ಚಿ ಹಾಕುತ್ತ ನಾನಿದ್ದೆ. ಮದುಮಗಳು ನನ್ನನ್ನು ಹುಡುಕಿ ನೋಡಿ ಕಣ್ಣು ಮಿಟುಕಿಸಿದಳು.

ಫೆಬ್ರವರಿಯಲ್ಲಿ ಮದುವೆಯಾಯಿತು. ಶೆಟ್ಟರ ಅರ್ಜಿ ಇವತ್ತಿಗೂ ಕಂಪೆನಿಯ ಮೇಲಿನವರಲ್ಲಿ ಪರಿಶೀಲನೆಯಲ್ಲಿ ಉಂಟು. ಬೇರೆ ಫೋನ್ ತೆಗೊಳ್ಳಿ ಎಂದರೆ ಕೇಳುವುದಿಲ್ಲ. ತೆಗೊಂಡರೆ ತಪ್ಪು ಒಪ್ಪಿದ ಹಾಗಾಗುತ್ತದಲ್ಲ! ಉಳ್ಳಾಲಕ್ಕೆ ಹೊರಡುವ ದಿನ ಸಂಚಿತಾ ನನ್ನ ಡಬ್ಬವನ್ನು ಕೈಗೆ ತೆಗೆದುಕೊಂಡು ಏನೋ ಒತ್ತಿದಳು.

"ಅಪ್ಪ, ನನಗೆ ಇನ್ನು ಅಲ್ಲಿ ಪುರುಸೊತ್ತಾಗುದಿಲ್ಲ. ಮಾಮನ ಹೆತ್ತವರ ಜಾಗಕ್ಕೆ ನಿಮ್ಮ ಹೆಸರು ಹಾಕಿದ್ದೇನೆ."

ಮೊನ್ನೆ ಊಟಕ್ಕೆ ಕೂತಿದ್ದೆ. ನನ್ನ ಫೋನು ಟಿಂಗ್ ಎಂದಿತು. ಕೋಳಿ ಅಂಕ ನೋಡಲು ಟೈಗರ್ ನಿಮ್ಮ ಅನುಮತಿ ಕೇಳುತ್ತಿದೆ. ಕನ್ನಡಕ ಹಾಕಿ ಒಂದು ಸಲ ಓದಿದೆ, ರುಚಿ ನೋಡಿಕೊಂಡು ಇನ್ನೊಂದು ಸಲ ಓದಿದೆ. ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ನನ್ನ ಒಪ್ಪಿಗೆ ಕೇಳಿದ್ದು ಅದೇ ಮೊದಲು. ನಾಯಿಯ ಹೆಸರಿನಲ್ಲಿ ಕೇಳಿದರೆ ಎಂತಾಯಿತು? ಶಶಿಪ್ರಭಾಳಿಗೆ ಇನ್ನೊಂದು ಬಂಗುಡೆ ಹಾಕಲು ಹೇಳಿದೆ. ಫೋನು ಮತ್ತೊಮ್ಮೆ ಟಿಂಗ್ ಎಂದಿತು.

ಮಹಡಿಯ ಮೆಟ್ಟಿಲಿನ ತುದಿಯಿಂದ ಮೆತ್ತಗೆ ಒಂದು ಸ್ವರ ಬಂತು. "ಭಾವಾ... ಅಲ್ಲಿ ಒಂದು ಬಂತಾ?"

"ಬಂದಿದೆ ಭಾವ" ಎಂದೆ, ಬಲ್ಮಠದ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಹೇಳುತ್ತಿದ್ದ ಅದೇ ಸ್ವರದಲ್ಲಿ. "ನಾಳೆ ಬನ್ನಿ."